ಟರ್ಪೆಂಟೈನಿಗೆ ಹೋಗದ ನೀಲಿ

ವಿನೋಬನಗರದ ಶಿಶುವಿಹಾರಕ್ಕೆ
ಆಕಾಶ ಬಳಿಯುತ್ತಿದ್ದೆವು, ನಾನೂ ಹಯಾತನೂ.
ಗೋಡೆ ನನ್ನದು, ಸೀಲಿಂಗ್ ಅವನದು.
ನನ್ನ ಕುತ್ತಿಗೆಗೆ ಐವತ್ತಾರು ತುಂಬಿದೆ,
ಅವನ ತೋಳಿಗೆ ಇಪ್ಪತ್ತೊಂಬತ್ತು.

ಮೂರು ದಿನ ಕೈ ಕೆಳಗಿಳಿಸಲಿಲ್ಲ ಪುಣ್ಯಾತ್ಮ.
ತೇವ ಹಿಡಿಯುತ್ತೆಂದು ಆಯಿಲ್ ಪೇಂಟೇ ಬೇಕಂತೆ;
ಮೂಲೆಗೊಂದು ಬಿಳಿಮೋಡ ಬೇಕಂತೆ;
ನಡುವೆ ಒಂದು ಹೆಚ್ಚಿಗೆ ಹಾಕಿಬಿಡಿ ಎಂದರು ಮೇಡಂ.
ಮೋಡಕ್ಕೇನು ಕಾಸೇ, ಹಾಕಿದ.

ನಾಲ್ಕನೇ ದಿನ ಸಂಜೆ ನಲ್ಲಿಯ ಹತ್ತಿರ
ಟರ್ಪೆಂಟೈನ್ ಹಚ್ಚಿ ತಿಕ್ಕುತ್ತಿದ್ದ.
ಎಡಗೈ ಬಣ್ಣ ಬಿಟ್ಟಿತು.
ಬಲಗೈ ಬಿಡಲಿಲ್ಲ.
'ಕರಿಬಸಣ್ಣ, ಈ ಡಬ್ಬದ್ದು ಬಾಳ ಗಟ್ಟಿ ನೋಡು,
ಚರ್ಮದ ಒಳಗೇ ಇಳಿದೈತೆ.'
ನಗುತ್ತಿದ್ದ. ನಾನೂ ನಕ್ಕೆ.

ಬೆಳಕಿಗೆ ಹಿಡಿದು ನೋಡಿದರೆ ಕೈ ದಪ್ಪ.
ವಾಚಿನ ಪಟ್ಟಿ ಕೊನೆಯ ತೂತಿಗೂ ಬರುವುದಿಲ್ಲ.
ಭುಜದ ಮೇಲೆ, ಎದೆಯ ಅಂಚಿಗೆ
ಹಸಿರು ನರಗಳು ಎದ್ದು ನಿಂತಿದ್ದವು,
ಬಿ.ಎಚ್. ರೋಡು ಬಂದಾದ ದಿನ
ಗಲ್ಲಿಗಲ್ಲಿಗೂ ಲಾರಿ ನುಗ್ಗಿದ ಹಾಗೆ.

ಉಳುಕಿದೆ ಎಂದೆ ನಾನು.
ಎಳ್ಳೆಣ್ಣೆ ಬಿಸಿ ಮಾಡಿ
ಮುಂಗೈಯಿಂದ ಕಂಕುಳವರೆಗೆ
ನೀವಿದೆ, ನೀವಿದೆ, ಅಪ್ಪ ನನಗೆ ನೀವುತ್ತಿದ್ದ ಹಾಗೆ.
ಹಯಾತ್ ಕಣ್ಣು ಮುಚ್ಚಿ 'ಹಾಯೆನಿಸ್ತು' ಅಂದ.
ಆ ಮಾತನ್ನು ಈಗ ನಾನು ನಂಬುವುದಿಲ್ಲ.

ಮೆಗ್ಗಾನಿನ ಕತ್ತಲೆ ಕೋಣೆಯಲ್ಲಿ
ತಣ್ಣನೆ ಲೋಳೆ ಹಚ್ಚಿ ಒಬ್ಬ ಹುಡುಗಿ
ಮೊದಲು ಎಡಗೈ ಕೇಳಿಸಿದಳು:
ಹುಶ್... ಹುಶ್...
ರೋಲರು ಗೋಡೆಯ ಮೇಲೆ ಹೋಗಿ ಬಂದ ಸದ್ದು.
ಆಮೇಲೆ ಬಲಗೈ.
ಯಂತ್ರ ಕೆಟ್ಟಿತು ಅಂದುಕೊಂಡೆ.
ಒತ್ತಿದಳು, ಸರಿಸಿದಳು, ಮತ್ತೆ ಒತ್ತಿದಳು.
ಒತ್ತಿದರೆ ಮುಚ್ಚಿಕೊಳ್ಳಬೇಕಾದ ನಾಳ
ಮುಚ್ಚಿಕೊಳ್ಳಲಿಲ್ಲ.
ಒಳಗೇನೋ ಬೂದುಬಣ್ಣದ್ದು,
ಮುಚ್ಚಳ ಹಾಕದೆ ಬಿಟ್ಟ ಡಬ್ಬದ ತಳದಲ್ಲಿ
ಬೆಳಗಾಗುವುದರೊಳಗೆ ಹೆಪ್ಪುಗಟ್ಟಿದ ಪೇಂಟು.

ಡಾಕ್ಟರು ಕಾಲರ್ ಸರಿಸಿ
ತಮ್ಮ ಮೈಮೇಲೇ ಬೆರಳಿಟ್ಟು ತೋರಿಸಿದರು:
ಇದು ಕೊರಳೆಲುಬು, ಕೆಳಗೆ ಮೊದಲನೇ ಪಕ್ಕೆಲುಬು,
ನಡುವಿನ ಸಂದಿಯಲ್ಲಿ ರಕ್ತನಾಳ.
ಕೈ ಎತ್ತಿದಾಗೆಲ್ಲ ಸಂದಿ ಒಂದಿಷ್ಟು ಮುಚ್ಚುತ್ತೆ.
ಎಷ್ಟು ವರ್ಷದಿಂದ ಎತ್ತುತ್ತಿದ್ದೀಯಪ್ಪ?
'ಹದಿನಾಲ್ಕಕ್ಕೆ ಬ್ರಷ್ ಹಿಡಿದೆ ಸರ್.'

ಎಣ್ಣೆಗಿಣ್ಣೆ ಹಾಕಿ ಯಾರಾದರೂ ನೀವಿದರಾ?
ಹಯಾತ್ ನನ್ನ ಕಡೆ ನೋಡಲಿಲ್ಲ.
'ಇಲ್ಲ ಸರ್.'
ಒಳ್ಳೇದಾಯ್ತು. ನೀವಿದರೆ ಚೂರೊಂದು ಕಿತ್ತುಕೊಂಡು
ಶ್ವಾಸಕೋಶಕ್ಕೆ ಹೋಗಬಹುದು, ಅಲ್ಲಿಗೆ ಮುಗೀತು
ಎಂದರು, ಚೀಟಿ ಬರೆಯುತ್ತಲೇ.
ನನ್ನ ಅಂಗೈ ಎಳ್ಳೆಣ್ಣೆ ವಾಸನೆ ಹೊಡೆಯುತ್ತಿತ್ತು.
ಜೇಬಿಗೆ ಹಾಕಿಕೊಂಡೆ.

ಹೊಟ್ಟೆಗೆ ಸೂಜಿ, ಆಮೇಲೆ ಗುಳಿಗೆ.
ರಕ್ತ ಎಷ್ಟು ತೆಳುವಾಯಿತೆಂದು ವಾರಕ್ಕೊಮ್ಮೆ ಅಳತೆ.
'ಥಿನ್ನರ್ ಅಂತೆ ಕಣಣ್ಣ,
ಇಷ್ಟು ದಿನ ಡಬ್ಬಕ್ಕೆ ಹಾಕ್ತಿದ್ದೆ, ಈಗ ನಂಗೇ.'
ಬ್ಲೇಡಿಗೆ ಹೆದರಿ ಗಡ್ಡ ಬಿಟ್ಟ.
ಬಸಳೆ ಸೊಪ್ಪಿಗೂ ಲೆಕ್ಕವಿದೆ ಎಂದರೆ
ಅವನ ಶಮ್ಶಾದ್ ನಂಬಲೇ ಇಲ್ಲ.
ಆ ಪಕ್ಕೆಲುಬನ್ನೇ ತೆಗೆಸಬೇಕಂತೆ, ಮಣಿಪಾಲದಲ್ಲಿ.
ಹಾಕೋದಾದ್ರೆ ಸರಿ, ತೆಗೆಯೋದಕ್ಕೂ ಇಷ್ಟು ದುಡ್ಡಾ
ಎನ್ನುತ್ತಾಳೆ ಅವನ ಅಮ್ಮ.

ಕೊನೆಯ ಮೂಲೆ ನಾನೇ ಏಣಿ ಹತ್ತಿದೆ.
ಕೆಳಗೆ, ಮಕ್ಕಳ ಪುಟ್ಟ ಕುರ್ಚಿಯಲ್ಲಿ
ದಿಂಬಿನ ಮೇಲೆ ಕೈಯಿಟ್ಟುಕೊಂಡು ಹಯಾತ್
ಎಣಿಸುತ್ತಿದ್ದ. ಹತ್ತಾದರೆ ಸಾಕು,
'ಇಳ್ಸಣ್ಣ ಕೈ!'
ಇಳಿಸಿದೆ. ಮತ್ತೆ ಎತ್ತಿದೆ. 'ಇಳ್ಸಣ್ಣ!'
ಹಾಗೆ ಎತ್ತಿ ಇಳಿಸಿ ಬರೆದ ಮೋಡ
ಸೊಟ್ಟಗೆ ಬಂತು.
ಮಕ್ಕಳು ಅದನ್ನು ಆಮೆ ಅನ್ನುತ್ತಾರಂತೆ.